ಬೆಕ್ಕಿಗೊಂದು ಬೇಟೆ

ಅಮರಸಿಂಹನು ತನ್ನ ಕೋಶದಲ್ಲಿ ಬೆಕ್ಕಿಗೆ ಐದು ಹೆಸರುಗಳನ್ನು ಹೇಳಿರುವನು. ಅವುಗಳಲ್ಲಿ ಎರಡು ಪ್ರಕೃತ ವಿಷಯಕ್ಕೆ ಸಂಬಂಧಿಸಿದವು. ‘ಮಾರ್ಜಾರ’ವೆಂದರೆ ಮೈಯನ್ನು ಸದಾ ಶುಚಿಮಾಡಿಕೊಳ್ಳುವುದು, ‘ಆಖುಭುಕ್’ ಎಂದರೆ ಇಲಿಯನ್ನು ತಿನ್ನುವುದು. ನಗರದ ಬಹುಮಹಡಿಯ ಮನೆಗಳಲ್ಲಿ ಹೊರಗೆ ಕಾಲಿಡದೆ ಬಾಳುವ ಬೆಕ್ಕಿಗೆ ಎರಡನೆಯ ಹೆಸರು ಸಲ್ಲದು. ಅದು ಇಲಿಯ ಮುಖವನ್ನೇ ಕಂಡಿರಲಾರದು. ಆ ಹೆಸರನ್ನು ಕಳೆದುಕೊಂಡ ಪ್ರಾಣಿಯು ಮೊದಲನೆಯದನ್ನು ಅತಿಮಾಡಿಕೊಂಡರೆ ಏನಾಗುವುದೆಂಬುದನ್ನು ನಾನು ನಮ್ಮ ಮನೆಯಲ್ಲಿಯೇ ನೋಡಿದೆನು.

ಬೆಂಗಳೂರಿನಲ್ಲಿ ನಮ್ಮ ವಾಸವು ನಾಲ್ಕನೆಯ ಅಂತಸ್ತಿನಲ್ಲಿ. ಐದು ವರ್ಷದ ಚಿನ್ನಿಯು ಬೀದಿಯ ವಾಹನಗಳಿಗೂ ನಾಯಿಗಳಿಗೂ ಸಿಕ್ಕದಿರಲೆಂದು ಕಿಟಕಿಗಳಿಗೆ ಬಲೆ ಕಟ್ಟಿಸಿ ಅದನ್ನು ಒಳಗೇ ಇರಿಸಿಕೊಂಡಿದ್ದೆವು. ತಟ್ಟೆಯ ತುಂಬ ಆಹಾರ, ಮಲಗಲು ಮೆತ್ತೆ. ಇನ್ನೇನು ಬೇಕೆಂದು ನಮ್ಮ ಭಾವನೆ. ಕಳೆದ ವರ್ಷ ಅದರ ಹೊಟ್ಟೆಯ ರೋಮವು ಹೋಗಿ ಚರ್ಮವು ಕಾಣತೊಡಗಿತು. ನೆಕ್ಕಿ ನೆಕ್ಕಿ ತಾನೇ ಬೋಳುಮಾಡಿಕೊಂಡಿತ್ತು. ಮೈ ಮಾತ್ರ ಕುಂಬಳಕಾಯಿಯಂತೆ ಬೆಳೆದಿತ್ತು. ಬೆಳಗಿನ ಜಾವ ನಾಲ್ಕು ಗಂಟೆಗೆ ಕೋಣೆಯ ಬಾಗಿಲನ್ನು ಪರಚಿ ಕೂಗುವುದು ನಿತ್ಯದ ಮಾತಾಯಿತು. ಪಶುವೈದ್ಯರು ಚಿಗಟ, ಚರ್ಮರೋಗ, ಮೂತ್ರಕೋಶದ ನೋವು ಇವಾವುವೂ ಇಲ್ಲವೆಂದು ಪರೀಕ್ಷಿಸಿ ನಿಶ್ಚಯಿಸಿದ ಮೇಲೆ, “ಮೇಷ್ಟ್ರೇ, ಇದಕ್ಕೆ ಮಾಡಲು ಕೆಲಸವಿಲ್ಲ, ಅದೇ ಇದರ ಕಾಯಿಲೆ” ಎಂದರು.

ಮಾತು ನನಗೆ ಮೊದಲು ವಿನೋದವಾಗಿ ತೋರಿತು. ವಿಚಾರಿಸಿದಾಗ ಯಥಾರ್ಥವೆಂದು ತಿಳಿಯಿತು. ಮನೆಯ ಬೆಕ್ಕು ಆಫ್ರಿಕದ ಕಾಡುಬೆಕ್ಕಿನ ಸಂತತಿಯದು. ಅದರ ಬೇಟೆಯು ಇಲಿ, ಹಲ್ಲಿ, ಹಕ್ಕಿಗಳಂತಹ ಸಣ್ಣ ಪ್ರಾಣಿಗಳು. ಒಂದು ಇಲಿಯಿಂದ ದಿನದ ಹಸಿವು ಅಡಗದು. ಆದುದರಿಂದ ಹಗಲೂ ಇರುಳೂ ಸೇರಿ ಹಲವು ಬಾರಿ ಹೊಂಚುಹಾಕಬೇಕು, ಹಲವು ಬಾರಿ ಸೋಲಬೇಕು. ಅದರ ಕಣ್ಣು, ಕಿವಿ, ಮೀಸೆ, ಪಂಜ ಎಲ್ಲವೂ ಈ ದುಡಿಮೆಗಾಗಿಯೇ ರೂಪುಗೊಂಡಿವೆ. ತಟ್ಟೆಯ ಆಹಾರವು ಐದು ನಿಮಿಷದಲ್ಲಿ ಮುಗಿಯುವುದು. ಉಳಿದ ಹೊತ್ತನ್ನು ಆ ಪಂಜಗಳು ಹೇಗೆ ಕಳೆಯಬೇಕು?

ಇದಕ್ಕಾಗಿಯೇ ಈಚೆಗೆ ‘ಆಹಾರದ ಒಗಟು’ಗಳೆಂಬ ಆಟಿಕೆಗಳು ಬಳಕೆಗೆ ಬಂದಿವೆ. ಕೆಲವು ಉರುಳುವಂತಹವು: ಚೆಂಡಿನೊಳಗೆ ಒಣ ಆಹಾರದ ಕಾಳುಗಳನ್ನು ತುಂಬಿದರೆ, ಬೆಕ್ಕು ಉರುಳಿಸಿದಂತೆಲ್ಲ ರಂಧ್ರದಿಂದ ಒಂದೊಂದೇ ಉದುರುವುದು. ಕೆಲವು ಕದಲದವು: ಬಟ್ಟಲುಗಳಿಂದಲೂ ಕೊಳವೆಗಳಿಂದಲೂ ಪಂಜ ಹಾಕಿ ತೆಗೆಯಬೇಕು. ದಾಂಟಾಸ್, ಡೆಲ್ಗಾಡೊ ಮೊದಲಾದ ಅಮೇರಿಕದ ತಜ್ಞರು 2016ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಇವುಗಳಿಂದ ಮೈ ಇಳಿದ ಮತ್ತು ಅಂಜಿಕೆ, ಕೋಪಗಳು ಕಡಮೆಯಾದ ಬೆಕ್ಕುಗಳ ವೃತ್ತಾಂತಗಳನ್ನು ಕೊಟ್ಟಿರುವರು.

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡಲಾರೆನು. ಶಿಕ್ಷಕರ ತರಬೇತಿಯಲ್ಲಿ ಥಾರ್ನ್‌ಡೈಕನ ಪಾಠವನ್ನು ಬಾಯಿಪಾಠ ಮಾಡಿದವನು ನಾನು. 1898ರಲ್ಲಿ ಅವನು ಹಸಿದ ಬೆಕ್ಕುಗಳನ್ನು ಮರದ ಪಟ್ಟಿಗಳ ಪೆಟ್ಟಿಗೆಯಲ್ಲಿ ಕೂಡಿ, ಹೊರಗೆ ಆಹಾರವನ್ನಿಟ್ಟು, ಅವು ದಾರವನ್ನೆಳೆದೋ ಸನ್ನೆಯನ್ನೊತ್ತಿಯೋ ಬಾಗಿಲನ್ನು ತೆರೆಯುವ ಕಾಲವನ್ನು ಅಳೆದನು. ಪ್ರಯತ್ನ ಹೆಚ್ಚಿದಂತೆ ಕಾಲವು ಕಡಮೆಯಾಯಿತು. ಹಸಿವೇ ಗುರುವೆಂದು ನಾನು ಅರ್ಥಮಾಡಿಕೊಂಡೆನು. ತಟ್ಟೆಯನ್ನು ಎತ್ತಿಟ್ಟು, ಕೊಂಡುತಂದ ಚೆಂಡೊಂದನ್ನು ಚಿನ್ನಿಯ ಮುಂದಿಟ್ಟೆನು. ಅದು ಮೂಸಿ ನೋಡಿ ಸೋಫಾದ ಕೆಳಗೆ ಸೇರಿತು. ಎರಡನೆಯ ದಿನವೂ ಹೊರಬರಲಿಲ್ಲ. “ತಾತ, ಅದಕ್ಕೆ ಬರೋದಿಲ್ಲ ಅಷ್ಟೆ, ಹಟ ಅಲ್ಲ” ಎಂದು ಮೊಮ್ಮಗಳು ಅತ್ತಳು. ವೈದ್ಯರಿಗೆ ಫೋನು ಮಾಡಿದಾಗ ಅವರು ಗದರಿಸಿದ್ದು ನ್ಯಾಯವೇ ಸರಿ. ಕೊಬ್ಬಿದ ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಮೈಯ ಕೊಬ್ಬು ಪಿತ್ತಕೋಶದ ನೆರೆಯ ಯಕೃತ್ತಿಗೆ ಬಂದು ಸೇರಿ ಪ್ರಾಣಾಪಾಯವಾಗಬಹುದಂತೆ. ತಟ್ಟೆಯನ್ನು ಆ ಕ್ಷಣವೇ ಇಟ್ಟೆನು. ಅದು ತಿನ್ನುವವರೆಗೆ ನನಗೂ ಊಟ ಸೇರಲಿಲ್ಲ. ಅಕ್ಷರ ಬಾರದ ಮಗುವಿಗೆ ಕಾವ್ಯವನ್ನು ಕೊಟ್ಟು ದಂಡಿಸಿದಂತಾಗಿತ್ತು ನನ್ನ ಕ್ರಮ.

ಅನಂತರ ಓನಾಮದಿಂದ ಪ್ರಾರಂಭಿಸಿದೆನು. ಅಟ್ಟದ ಮೇಲೆ ನಮ್ಮ ತಾಯಿಯವರ ಅಳಗುಳಿಮಣೆಯಿತ್ತು. ಅದನ್ನು ತೊಳೆದು ಹದಿನಾಲ್ಕು ಗುಳಿಗಳಲ್ಲಿಯೂ ಎರಡೆರಡು ಕಾಳುಗಳನ್ನಿಟ್ಟೆವು. ಗುಳಿಗಳು ಆಳವಲ್ಲವಾದುದರಿಂದ ಸೋಲಿನ ಭಯವಿಲ್ಲ. ಮೊದಲ ದಿನ ಚಿನ್ನಿಯು ನಾಲಗೆಯಿಂದಲೇ ತೆಗೆದು ತಿಂದಿತು. ವಾರದೊಳಗೆ ಪಂಜದಿಂದ ಈಚೆಗೆಳೆದು, ಜಾರಿದ ಕಾಳಿನ ಹಿಂದೆ ಓಡಿತು. ಬಳಿಕ ಮೊಟ್ಟೆಯ ರಟ್ಟಿನ ತಟ್ಟೆ. ಆಮೇಲೆ ಕಾಳಿಗಿಂತ ಎರಡು ಮೂರರಷ್ಟು ಅಗಲದ ರಂಧ್ರಗಳನ್ನು ಕೊರೆದ ಪ್ಲಾಸ್ಟಿಕ್ ಸೀಸೆ. ರಂಧ್ರದ ಅಂಚುಗಳನ್ನು ಉಜ್ಜಿ ನಯಮಾಡಬೇಕು. ಮುಚ್ಚಳದ ಸಣ್ಣ ಉಂಗುರವನ್ನು ಕಿತ್ತು ಎಸೆಯಬೇಕು, ಇಲ್ಲವಾದರೆ ಬೆಕ್ಕು ಅದನ್ನು ನುಂಗೀತು. ಮೀನು ಮಾಂಸಗಳ ಹಸಿ ಆಹಾರವನ್ನು ಹಾಕುವವರು ಐಸ್ ತಟ್ಟೆಯ ಗುಂಡಿಗಳಲ್ಲಿ ಸವರಿಡಬಹುದು, ಆದರೆ ದಿನವೂ ತೊಳೆಯಬೇಕು. ಒಗಟಿನಲ್ಲಿ ಹಾಕುವುದನ್ನು ದಿನದ ಪಾಲಿನಿಂದಲೇ ಅಳೆದು ತೆಗೆಯತಕ್ಕದ್ದು. ಮನೆಯಲ್ಲಿ ಎರಡು ಬೆಕ್ಕುಗಳಿದ್ದರೆ ಎರಡು ಒಗಟುಗಳನ್ನು ದೂರದೂರವಿಡತಕ್ಕದ್ದು.

ಇಷ್ಟಾದರೂ ಬೆಕ್ಕು ದುಡಿಮೆಯನ್ನೇ ಬಯಸುವುದೆಂದು ಭ್ರಮಿಸಬೇಕಾಗಿಲ್ಲ. ಇಲಿ ಮುಂತಾದ ಹಲವು ಪ್ರಾಣಿಗಳು ಬಿಟ್ಟಿಯ ಆಹಾರವು ಎದುರಿಗಿದ್ದರೂ ಶ್ರಮಪಟ್ಟು ಪಡೆದುದನ್ನು ತಿನ್ನುವುವೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಅದೇ ಡೆಲ್ಗಾಡೊ ಅವರು ಸಂಗಡಿಗರೊಡನೆ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿನೇಳು ಬೆಕ್ಕುಗಳ ಮುಂದೆ ತಟ್ಟೆಯನ್ನೂ ಒಗಟನ್ನೂ ಇಟ್ಟಾಗ ಅವು ತಟ್ಟೆಯಿಂದಲೇ ಹೆಚ್ಚು ತಿಂದುವು. ಸೋಮಾರಿಗಳೆನ್ನಬೇಡಿ, ನಮ್ಮ ಮುಂದೆ ಸುಲಿದ ಹಲಸಿನ ತೊಳೆಯನ್ನೂ ಇಡಿಯ ಹಣ್ಣನ್ನೂ ಇಟ್ಟರೆ ನಾವೇನು ಮಾಡುವೆವು? ಆದಕಾರಣ ಚಿನ್ನಿಗೆ ಅರ್ಧ ಪಾಲು ತಟ್ಟೆಯಲ್ಲಿ, ಅರ್ಧ ಒಗಟಿನಲ್ಲಿ. ವೈದ್ಯರಿಗೂ ಇದು ಸಮ್ಮತವಾಯಿತು.

ಆರು ತಿಂಗಳಾದುವು. ಹೊಟ್ಟೆಯ ಮೇಲೆ ರೋಮವು ಮತ್ತೆ ಬಂದಿದೆ, ಬಲಗಡೆ ಒಂದು ರೂಪಾಯಿಯಷ್ಟು ಜಾಗವುಳಿದು. ರಾತ್ರಿ ಮಲಗುವ ಮುನ್ನ ಮೊಮ್ಮಗಳು ಮಣೆಯಲ್ಲಿ ಕಾಳಿಟ್ಟು ಹಜಾರದ ಯಾವುದೋ ಮೂಲೆಯಲ್ಲಿ ಅಡಗಿಸುವಳು. ಬೆಳಗಿನ ಜಾವ ಬಾಗಿಲನ್ನು ಪರಚುವ ಸದ್ದಿಲ್ಲ. ಮಣೆಯು ನೆಲದ ಮೇಲೆ ಸರಿಯುವ ಕಿರುಸದ್ದು ಕೇಳಿಬರುವುದು, ನಾನು ಮಗ್ಗುಲು ಬದಲಿಸಿ ಮತ್ತೆ ನಿದ್ರಿಸುವೆನು.