ಬಂಗುಡೆ ತಿನ್ನಬಹುದಾ ಸರ್?



ಹೋದ ವಾರದ ಫೋನ್-ಇನ್‌ನಲ್ಲಿ ಡೊಂಬಿವಲಿಯ ಅಕ್ಕ ಒಬ್ಬರು ಹಾಡು ಕೇಳುವ ಮೊದಲು ಒಂದು ದೂರು ಹೇಳಿದರು. ಹತ್ತನೇ ಕ್ಲಾಸಿನ ಮಗಳು ‘ಮೀನಿನಲ್ಲಿ ಪಾದರಸ ಇರುತ್ತೆ, ನರ ಹಾಳಾಗುತ್ತೆ’ ಅಂತ ಬಂಗುಡೆ ಪುಳಿಮುಂಚಿಯ ತಟ್ಟೆಯನ್ನು ಪಕ್ಕಕ್ಕೆ ದೂಡಿದಳಂತೆ. ‘ಇದು ನಿಜವಾ ಸರ್?’ ಅಂದರು. ಸಮಯ ಮುಗಿದಿತ್ತು, ಹಾಡು ಹಾಕಿ ತಪ್ಪಿಸಿಕೊಂಡೆ. ನಾನು ಓದಿದ್ದು ಕನ್ನಡ ಬಿ.ಎ., ವಿಜ್ಞಾನ ಬಿಟ್ಟು ಎಷ್ಟೋ ವರ್ಷವಾಯಿತು! ಆಮೇಲೆ ಕೂತು ಓದಿದೆ. ಹುಡುಗಿ ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಜ.

ಶಾಲೆಯ ಪುಸ್ತಕದಲ್ಲಿ ಆಹಾರ ಸರಪಳಿ ಒಂದು ಪಾಠ, ನರಮಂಡಲ ಇನ್ನೊಂದು. ಇವೆರಡೂ ಸೇರಿದ ಊರು ಜಪಾನಿನ ಮಿನಾಮಾಟಾ. ಅಲ್ಲಿನ ಚಿಸ್ಸೊ ರಾಸಾಯನಿಕ ಕಾರ್ಖಾನೆ 1932ರಿಂದ ಪಾದರಸ ಬೆರೆತ ನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. 1950ರ ದಶಕದಲ್ಲಿ ಊರಿನ ಬೆಕ್ಕುಗಳು ಕುಣಿದಂತೆ ತೂರಾಡಿ, ನೀರಿಗೆ ಬಿದ್ದು ಸಾಯತೊಡಗಿದವು. ಅವು ತಿನ್ನುತ್ತಿದ್ದದ್ದು ಕೊಲ್ಲಿಯ ಮೀನು. ಬೆಸ್ತರ ಮನೆಯವರು ತಿನ್ನುತ್ತಿದ್ದದ್ದೂ ಅದೇ. 1956ರ ಏಪ್ರಿಲ್‌ನಲ್ಲಿ ನಡೆಯಲಾಗದ, ಮಾತು ತೊದಲುವ ಪುಟ್ಟ ಹುಡುಗಿಯೊಬ್ಬಳನ್ನು ಆಸ್ಪತ್ರೆಗೆ ತಂದರು. ಮೇ 1ರಂದು ವೈದ್ಯ ಹಜಿಮೆ ಹೊಸೊಕಾವಾ ಈ ಗೊತ್ತಿಲ್ಲದ ಕಾಯಿಲೆಯ ವಿಷಯವನ್ನು ಸರ್ಕಾರಕ್ಕೆ ತಿಳಿಸಿದರು.

ಪಾದರಸ ನೀರಿನಲ್ಲಿದ್ದದ್ದು ಸ್ವಲ್ಪವೇ. ಆದರೆ ಮೀಥೈಲ್ ಪಾದರಸ ಎಂಬ ಅದರ ರೂಪ ಜೀವಿಯ ಮೈಗೆ ಹೋದರೆ ಬೇಗ ಹೊರಗೆ ಬರುವುದಿಲ್ಲ. ಕಣ್ಣಿಗೆ ಕಾಣದ ಪಾಚಿಯಲ್ಲಿ ಒಂದಿಷ್ಟು. ಅಂಥ ಸಾವಿರಾರನ್ನು ತಿಂದ ಪುಟ್ಟ ಜೀವಿಯಲ್ಲಿ ಹೆಚ್ಚು, ಅದನ್ನು ತಿಂದ ಮೀನಿನಲ್ಲಿ ಮತ್ತೂ ಹೆಚ್ಚು. ಚೀಟಿ ಹಣದ ಹಾಗೆ, ಕಟ್ಟುವವರು ನೂರು ಜನ, ಎತ್ತುವವನು ಒಬ್ಬ! ಮೀನಿನ ಮಾಂಸಕ್ಕೇ ಅಂಟಿಕೊಳ್ಳುವುದರಿಂದ ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ.

ರಕ್ತದಲ್ಲಿರುವ ಎಲ್ಲವನ್ನೂ ಮಿದುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದಕ್ಕೊಂದು ತಡೆ ಇದೆ. ಈ ವಿಷ ಆ ತಡೆಯನ್ನು ದಾಟುತ್ತದೆ. ದೇಹದ ಸಮತೋಲ ಕಾಯುವ ಕಿರುಮಿದುಳು ಕೆಟ್ಟರೆ ನಡಿಗೆ ತೂರಾಡುತ್ತದೆ, ಅಂಗಿಯ ಗುಂಡಿ ಹಾಕಲು ಕೈ ಬರುವುದಿಲ್ಲ. ಮಿದುಳಿನ ಹಿಂಭಾಗ ಕೆಟ್ಟರೆ ಕಣ್ಣು ಸರಿಯಿದ್ದರೂ ಕೊಳವೆಯಲ್ಲಿ ನೋಡಿದಂತೆ ನಡುವಿನದು ಮಾತ್ರ ಕಾಣುತ್ತದೆ. ಚರ್ಮದ ಗಾಯ ಮಾಯುತ್ತದೆ, ಸತ್ತ ನರಕೋಶದ ಜಾಗಕ್ಕೆ ಹೊಸದು ಬರುವುದು ತೀರಾ ಅಪರೂಪ. ಓದುವಾಗ ನನಗೆ ತಡೆಯಲಾಗದ್ದು ಇನ್ನೊಂದು: ಗರ್ಭಿಣಿ ತಿಂದ ವಿಷ ಕೂಸಿಗೆ ಹೋಗುತ್ತಿತ್ತು. ತಾಯಿ ಹೆಚ್ಚುಕಮ್ಮಿ ಚೆನ್ನಾಗಿಯೇ ಇರುತ್ತಿದ್ದಳು, ಮಗುವಿನ ಕತ್ತು ಮಾತ್ರ ವಯಸ್ಸಿಗೆ ತಕ್ಕಂತೆ ನಿಲ್ಲುತ್ತಿರಲಿಲ್ಲ.

1959ರಲ್ಲೇ ಹೊಸೊಕಾವಾ ಕಾರ್ಖಾನೆಯ ಕೊಳಚೆಯನ್ನು ಬೆಕ್ಕಿಗೆ ತಿನ್ನಿಸಿ ನೋಡಿದ್ದರು. ಬೆಕ್ಕಿಗೆ ಅದೇ ಕಾಯಿಲೆ ಬಂತು. ಅವರು ಆ ಕಂಪನಿಯ ಆಸ್ಪತ್ರೆಯಲ್ಲೇ ಕೆಲಸದಲ್ಲಿದ್ದವರು, ಕಂಪನಿ ಫಲಿತಾಂಶವನ್ನು ಮುಚ್ಚಿಟ್ಟಿತು. ಸರ್ಕಾರ ಕಾರಣ ಒಪ್ಪಿದ್ದು 1968ರಲ್ಲಿ. ಅಷ್ಟು ವರ್ಷವೂ ಕೊಳಚೆ ಹರಿಯುತ್ತಲೇ ಇತ್ತು. ರೋಗಿಗಳೆಂದು ಸರ್ಕಾರ ಒಪ್ಪಿದವರೇ 2,200ಕ್ಕೂ ಹೆಚ್ಚು ಮಂದಿ.

ಇನ್ನು ಅಕ್ಕನ ಬಂಗುಡೆ. ಬಂಗುಡೆ, ಬೂತಾಯಿ ಸರಪಳಿಯ ಕೆಳಗಿನ ಮೆಟ್ಟಿಲಿನವು. ತೇಲುವ ಸಣ್ಣ ಜೀವಿಗಳನ್ನು ತಿನ್ನುತ್ತವೆ, ಬಹಳ ವರ್ಷ ಬದುಕುವುದೂ ಇಲ್ಲ. ಹಾಗಾಗಿ ಸಾಮಾನ್ಯವಾಗಿ ಅವುಗಳಲ್ಲಿ ಪಾದರಸ ಕಡಿಮೆ. ಶಾರ್ಕ್‌ನಂಥ, ಬೇರೆ ಮೀನನ್ನು ತಿಂದು ಬಹುಕಾಲ ಬಾಳುವ ದೊಡ್ಡ ಮೀನಿನಲ್ಲಿ ಹೆಚ್ಚು. ಗರ್ಭಿಣಿಯರು, ಎಳೆ ಮಕ್ಕಳು ಅಂಥದ್ದನ್ನು ಬಿಡುವುದೇ ಒಳ್ಳೆಯದು. ಆದರೆ ಮೀನು ಯಾವ ನೀರಿನದು ಅನ್ನುವುದೂ ಮುಖ್ಯ. ಮಿನಾಮಾಟಾದಲ್ಲಿ ವಿಷ ಎಷ್ಟಿತ್ತೆಂದರೆ ಸಣ್ಣ ಮೀನು, ಚಿಪ್ಪಿನ ಜೀವಿಗಳೂ ಜನರನ್ನು ಬಿಡಲಿಲ್ಲ.

ಅಕ್ಕ, ಮಗಳಿಗೆ ಇದನ್ನು ಓದಿಸಿ. ಪುಳಿಮುಂಚಿ ಮಾಡಿ, ಕಾರ್ಖಾನೆ ಪಕ್ಕದ ಖಾಡಿಯ ಮೀನು ಮಾತ್ರ ಬೇಡ. ಅವತ್ತು ನೀವು ಕೇಳಿದ ಹಾಡನ್ನು ನಡುವೆ ಕತ್ತರಿಸಿದ್ದೆ, ಈ ವಾರ ಪೂರ್ತಿ ಹಾಕುತ್ತೇನೆ.