ದರೋಜಿಯ ಕರಡಿ, ತುಂಗಭದ್ರೆಯ ನೀರುನಾಯಿ ಮತ್ತು ನಮ್ಮ ತಪ್ಪು ತಿಳಿವಳಿಕೆ

ದ್ವೀಪ, ಸರೋವರ, ಕಾಡು ಎಂದ ಕೂಡಲೇ ನಮ್ಮವರ ಮನಸ್ಸು ಅಂಡಮಾನಿಗೋ, ಕೇರಳದ ಹಿನ್ನೀರಿಗೋ, ಕೊಡಗಿಗೋ ಹಾರುತ್ತದೆ. ಕುರೆಕುಪ್ಪ, ತೋರಣಗಲ್ಲಿನ ಎಷ್ಟೋ ಕುಟುಂಬಗಳು ವರ್ಷವಿಡೀ ದುಡ್ಡು ಕೂಡಿಟ್ಟು ಅಷ್ಟು ದೂರ ಹೋಗಿ ಬರುತ್ತವೆ. ಹೋಗಲಿ, ತಪ್ಪೇನಿಲ್ಲ. ಆದರೆ ಇಲ್ಲಿಂದ ಎರಡು ಗಂಟೆಯ ಹಾದಿಯೊಳಗೇ ನದಿಯ ನಡುಗಡ್ಡೆ ಇದೆ, ಸಾವಿರಾರು ಹಕ್ಕಿಗಳು ಗೂಡು ಕಟ್ಟುವ ಕೆರೆ ಇದೆ, ಕರಡಿಗಳು ತಮ್ಮ ಪಾಡಿಗೆ ಬದುಕುವ ಕಾಡು ಇದೆ. ಇವುಗಳ ಬಗ್ಗೆ ಜನರಲ್ಲಿ ಹಬ್ಬಿರುವ ಮಾತುಗಳಲ್ಲಿ ಬಹುಪಾಲು ತಪ್ಪು. ಆ ತಪ್ಪಿನ ಬೆಲೆಯನ್ನು ಪ್ರಾಣಿಗಳೂ ತೆರುತ್ತಿವೆ, ಊರಿನವರೂ ತೆರುತ್ತಿದ್ದಾರೆ.

“ಬಳ್ಳಾರಿ ಸೀಮೆಯಲ್ಲಿ ಕಾಡೆಲ್ಲಿದೆ? ಇರುವುದು ಬಿಸಿಲು, ಗಣಿ, ಕೆಂಧೂಳು”

ಕುರೆಕುಪ್ಪದ ಒಂದು ಮಗ್ಗುಲಿಗೆ ಉಕ್ಕಿನ ಕಾರ್ಖಾನೆಯ ಚಿಮಣಿಗಳಿವೆ. ಅವನ್ನೇ ನೋಡಿಕೊಂಡು ಹೆದ್ದಾರಿಯಲ್ಲಿ ಸಾಗುವವರಿಗೆ ಈ ಮಾತು ನಿಜ ಅನ್ನಿಸುವುದು ಸಹಜ. ಆದರೆ ಸಂಡೂರಿನ ಬೆಟ್ಟಸಾಲು ಎಲೆ ಉದುರಿಸುವ ಕಾಡು. ಬೇಸಿಗೆಯಲ್ಲಿ ಬೋಳಾಗಿ ಕಾಣುವ ಆ ಮರಗಳು ಸತ್ತಿರುವುದಿಲ್ಲ, ನೀರು ಉಳಿಸಿಕೊಳ್ಳಲು ಎಲೆ ಕಳಚಿರುತ್ತವೆ, ಅಷ್ಟೆ. ಎರಡು ಮಳೆ ಬಿದ್ದರೆ ಸಾಕು, ಕುಮಾರಸ್ವಾಮಿ ಬೆಟ್ಟದ ಇಳಿಜಾರು ಗುರುತು ಸಿಗದಷ್ಟು ಹಸಿರಾಗುತ್ತದೆ.

ಬೆಟ್ಟ ಇಳಿದು ದರೋಜಿ, ಕಮಲಾಪುರದ ಕಡೆ ಹೋದರೆ ಹೆಬ್ಬಂಡೆಗಳ ನಡುವೆ ಮುಳ್ಳುಪೊದೆಯ ಕುರುಚಲು ಕಾಡು ಸಿಗುತ್ತದೆ. ಕಂದಾಯದ ಕಡತಗಳಲ್ಲಿ ಇಂಥ ನೆಲವನ್ನು ಬಂಜರು, ಪಾಳು ಎಂದು ಬರೆಯುವ ಹಳೆಯ ಚಾಳಿ ನಮ್ಮದು. ಬಂಜರು ಎಂದು ಬರೆದ ಮೇಲೆ ಅದನ್ನು ಯಾರಿಗೆ ಬೇಕಾದರೂ ಕೊಡುವುದು ಸುಲಭವಾಗುತ್ತದೆ. ದರೋಜಿಯ ಕರಡಿಗೆ ಬೇಕಾಗಿರುವುದು ಇದೇ ಕುರುಚಲು. ಹಗಲಿನ ಬಿಸಿಲಿಗೆ ಮಲಗಲು ಬಂಡೆಯ ಗವಿ, ತಿನ್ನಲು ಗೆದ್ದಲು ಹುತ್ತ, ಬೇಸಿಗೆಗೆ ಕವಳೆ, ಬಾರೆ, ನೇರಳೆಯ ಹಣ್ಣು. ಇಲ್ಲಿ ಸಾಲಾಗಿ ನೀಲಗಿರಿ ನೆಟ್ಟು ಹಸಿರು ಮಾಡುತ್ತೇವೆ ಎಂದು ಹೊರಟರೆ ಕರಡಿಯ ಊಟಕ್ಕೇ ಕಲ್ಲು ಬೀಳುತ್ತದೆ.

“ದರೋಜಿಯಲ್ಲಿರುವುದು ಸಾಕಿದ ಕರಡಿಗಳು”

ಈ ಗೊಂದಲಕ್ಕೆ ಎರಡು ಕಾರಣ. ಕಮಲಾಪುರದ ಬಳಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಮೃಗಾಲಯ ಇದೆ, ಸಫಾರಿಯೂ ಉಂಟು. ಅದನ್ನು ನೋಡಿ ಬಂದವರು ಕರಡಿಧಾಮವನ್ನೂ ನೋಡಿದ್ದೇವೆ ಎಂದುಕೊಳ್ಳುತ್ತಾರೆ. ಇನ್ನೊಂದು, ಹಿಂದೆ ಊರೂರು ತಿರುಗಿ ಕರಡಿ ಕುಣಿಸುತ್ತಿದ್ದ ಖಲಂದರರಿಂದ ಬಿಡಿಸಿ ತಂದ ಕರಡಿಗಳು ಇಲ್ಲಿವೆ ಎಂಬ ಮಾತು. ಹಾಗೆ ಬಿಡಿಸಿದ ಕರಡಿಗಳಿಗೆ ಆಸರೆ ಸಿಕ್ಕಿದ್ದು ಬನ್ನೇರುಘಟ್ಟದ ಪುನರ್ವಸತಿ ಕೇಂದ್ರದಲ್ಲಿ. ದರೋಜಿಯದು ಬೇರೆಯೇ ಕತೆ. ಇಲ್ಲಿನ ಕರಡಿಗಳು ಇದೇ ಬಂಡೆಗಳಲ್ಲಿ ಹುಟ್ಟಿ ಬೆಳೆದವು. ಅವುಗಳ ನೆಲೆಯನ್ನು 1994ರಲ್ಲಿ ಸರ್ಕಾರ ವನ್ಯಧಾಮ ಎಂದು ಘೋಷಿಸಿತು. ಆಗ ಅದರ ವಿಸ್ತೀರ್ಣ 55.87 ಚದರ ಕಿಲೋಮೀಟರ್. 2009ರಲ್ಲಿ ಬುಕ್ಕಸಾಗರದ ಕಾಡು ಸೇರಿ 82.72 ಚದರ ಕಿಲೋಮೀಟರ್ ಆಯಿತು.

ಮಧ್ಯಾಹ್ನ ವೀಕ್ಷಣಾ ಗೋಪುರ ಹತ್ತಿ ಕೂತರೆ ಎದುರಿಗೆ ಕರಡಿಕಲ್ಲು ಗುಡ್ಡ. ಬಿಸಿಲು ಇಳಿಯುವ ಹೊತ್ತಿಗೆ ಬಂಡೆಗಳ ಸಂದಿಯಿಂದ ಕಪ್ಪು ಮೈಯೊಂದು ಹೊರಬರುತ್ತದೆ. ಕೆಲವೊಮ್ಮೆ ಬೆನ್ನ ಮೇಲೆ ಮರಿ. ಕರಡಿಗಳಲ್ಲಿ ಹೀಗೆ ಮರಿಯನ್ನು ತಿಂಗಳುಗಟ್ಟಲೆ ಬೆನ್ನಿನ ಮೇಲೆ ಹೊತ್ತು ತಿರುಗುವುದು ಈ ಜಾತಿಯದೇ ವಿಶೇಷ. ನವಿಲು, ಕಾಡುಹಂದಿ, ಮುಂಗುಸಿಗಳೂ ಅದೇ ಬಂಡೆಗೆ ಬರುತ್ತವೆ. ಕರಡಿ ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ.

“ಇಲಾಖೆಯವರು ಹಚ್ಚುವ ಬೆಲ್ಲದಿಂದಲೇ ಅವು ಬದುಕಿವೆ”

ಬಂಡೆಗಳ ಮೇಲೆ ಬೆಲ್ಲದ ಪಾಕ ಸವರುವುದು ಇಲ್ಲಿ ನಡೆದುಬಂದ ರೂಢಿ. ಅದು ಪ್ರವಾಸಿಗರ ಕಣ್ಣಿಗೆ ಕರಡಿ ಬೀಳಲೆಂದು ಮಾಡುವ ಕೆಲಸ. ಕರಡಿಯ ಹೊಟ್ಟೆ ತುಂಬುವುದು ಗೆದ್ದಲು, ಇರುವೆ, ಜೇನು, ಹಣ್ಣುಗಳಿಂದ. ಅದರ ಬಾಯಿಯ ರಚನೆಯೇ ಇದಕ್ಕೆ ತಕ್ಕಂತಿದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇರುವುದೇ ಇಲ್ಲ. ಉದ್ದನೆಯ ಉಗುರಿನಿಂದ ಹುತ್ತ ಬಗೆದು, ಮೊದಲು ಉಫ್ ಎಂದು ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಯನ್ನು ಕೊಳವೆಯಂತೆ ಮುಂದೆ ಮಾಡಿ, ಹಲ್ಲಿಲ್ಲದ ಆ ಸಂದಿಯಿಂದ ಗೆದ್ದಲನ್ನು ಒಳಗೆಳೆದುಕೊಳ್ಳುತ್ತದೆ. ಆ ಸದ್ದು ಕಾಡಿನ ನಿಶ್ಶಬ್ದದಲ್ಲಿ ಬಹುದೂರ ಕೇಳುತ್ತದೆ.

ಬೆಲ್ಲ ಸವರುವ ಪದ್ಧತಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ದೂರದ ಗೋಪುರದಿಂದ ನೋಡುವ ವ್ಯವಸ್ಥೆ ಇರುವುದರಿಂದ ಕರಡಿಗೆ ಮನುಷ್ಯರ ಸಹವಾಸ ಅಂಟಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೂ ಹುತ್ತ, ಹಣ್ಣು ಹುಡುಕಿ ತಿನ್ನುವ ಪ್ರಾಣಿಗೆ ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಸಿಹಿಯ ಆಸೆ ಹುಟ್ಟಿಸುವುದು ಒಳ್ಳೆಯದಲ್ಲ. ಕಾಣದಿದ್ದರೂ ಪರವಾಗಿಲ್ಲ, ಕಾಡು ನೋಡಿ ಹೋಗುತ್ತೇವೆ ಎನ್ನುವ ಪ್ರವಾಸಿಗರು ಹೆಚ್ಚಾದರೆ ಬೆಲ್ಲದ ಪ್ರಮಾಣ ತಾನಾಗಿ ಕಡಿಮೆಯಾದೀತು. ಇಲ್ಲಿ ಹಳದಿ ಕೊರಳಿನ ಪಿಕಳಾರ ಇದೆ; ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ನಕ್ಷತ್ರ ಆಮೆ ಇದೆ. ಇವನ್ನು ನೋಡಲೆಂದೇ ಹೊರನಾಡಿನಿಂದ ಜನ ಬರುತ್ತಾರೆ.

“ಕರಡಿ ಮನುಷ್ಯರನ್ನು ಹುಡುಕಿಕೊಂಡು ಬಂದು ಬೀಳುತ್ತದೆ”

ಕರಡಿಯ ದಾಳಿ ಸುಳ್ಳಲ್ಲ. ಗಾಯಗೊಂಡವರ ನೋವನ್ನು ಹಗುರ ಮಾಡಿ ಮಾತಾಡುವುದು ಅನ್ಯಾಯ. ಆದರೆ ಅದು ನಮ್ಮನ್ನು ಬೇಟೆಯಾಡಲು ಬರುವುದಿಲ್ಲ. ಅದಕ್ಕೆ ಮೂಗು ಬಲು ಚುರುಕು, ಕಣ್ಣು ಮಂದ. ತಿನ್ನುವುದರಲ್ಲಿ ಮುಳುಗಿದ್ದಾಗ ಮನುಷ್ಯ ತೀರಾ ಹತ್ತಿರ ಬರುವವರೆಗೂ ಅದಕ್ಕೆ ಗೊತ್ತಾಗದೆ ಹೋಗಬಹುದು. ಗಾಬರಿಯಾದ ಕರಡಿ, ಅದರಲ್ಲೂ ಮರಿ ಇರುವ ತಾಯಿ, ಮೈಮೇಲೆ ಎರಗುತ್ತದೆ. ನಸುಕಿನಲ್ಲಿ ಹೊಲಕ್ಕೆ ಹೋಗುವವರು, ದನ ಕುರಿ ಮೇಯಿಸುವವರು ಒಂಟಿಯಾಗಿ ಹೋಗದಿರುವುದು, ಮಾತಾಡುತ್ತಾ ಸದ್ದು ಮಾಡುತ್ತಾ ನಡೆಯುವುದು, ಕೈಯಲ್ಲಿ ಬ್ಯಾಟರಿ ಇಟ್ಟುಕೊಳ್ಳುವುದು ನಿಜವಾದ ರಕ್ಷಣೆ. ಶೇಂಗಾ, ಮೆಕ್ಕೆಜೋಳ ಹಾಳಾದ ರೈತನಿಗೆ ಪರಿಹಾರ ಬೇಗ ಕೈಸೇರಬೇಕು. ಕಾಡಂಚಿನ ರೈತನ ಸಹನೆ ತೀರಿಹೋದರೆ ಯಾವ ಘೋಷಣೆಯೂ ಕರಡಿಯನ್ನು ಉಳಿಸಲಾರದು.

“ತುಂಗಭದ್ರೆಯಲ್ಲಿ ಹರಿಗೋಲಿನ ಸವಾರಿ ಬಿಟ್ಟರೆ ಇನ್ನೇನಿದೆ?”

ಹರಿಗೋಲು ಇಲ್ಲಿಗೆ ಹೊಸದಲ್ಲ. 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆನೆಗೊಂದಿಯ ಬಳಿ ಜನ ಬುಟ್ಟಿಯಂಥ, ಚರ್ಮ ಹೊದಿಸಿದ ದುಂಡನೆಯ ದೋಣಿಗಳಲ್ಲಿ ನದಿ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆದರೆ ಈ ನದಿಗೆ ಇನ್ನೊಂದು ಗುರುತಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಲಾಯಿತು. ಹಂಪಿಗೆ ಬರುವ ಎಷ್ಟು ಮಂದಿಗೆ ಇದು ಗೊತ್ತು?

ನೀರುನಾಯಿ ಮೀನುಗಾರರ ವೈರಿ ಎಂಬ ಮಾತೂ ಇದೆ. ಬಲೆ ಹರಿದಾಗ ಅವರಿಗೆ ಸಿಟ್ಟು ಬರುವುದು ನ್ಯಾಯವೇ. ಆದರೆ ಮೀನು ಕಡಿಮೆಯಾಗುವುದಕ್ಕೆ ನೀರುನಾಯಿಯನ್ನು ದೂರುವ ಮೊದಲು ಸಿಡಿಮದ್ದು ಹಾಕಿ ಮರಿಮೀನನ್ನೂ ಕೊಲ್ಲುವವರನ್ನು, ಮರಳು ಬಗೆದು ದಡ ಕುಸಿಯುವಂತೆ ಮಾಡುವವರನ್ನು ನೋಡಬೇಕು. ಕುಟುಂಬ ಸಮೇತ ಗುಂಪಾಗಿ ಬದುಕುವ ಈ ಪ್ರಾಣಿ ಮೀನಿಲ್ಲದ ಕಡೆ ನಿಲ್ಲುವುದಿಲ್ಲ. ಅದು ಇದೆ ಎಂದರೆ ನದಿಯಲ್ಲಿ ಇನ್ನೂ ಮೀನಿದೆ ಎಂದರ್ಥ. ಸಂರಕ್ಷಿತ ಪ್ರದೇಶ ಎಂದ ಕೂಡಲೇ ಊರು ಎತ್ತಂಗಡಿಯಾಗುತ್ತದೆ ಎಂಬ ಭಯವೂ ಬೇಡ. 2002ರ ತಿದ್ದುಪಡಿಯಿಂದ ವನ್ಯಜೀವಿ ಕಾಯ್ದೆಗೆ ಸೇರಿದ ಈ ವ್ಯವಸ್ಥೆ ಸ್ಥಳೀಯರೊಂದಿಗೆ ಸಮಾಲೋಚಿಸಿಯೇ ಮಾಡಬೇಕಾದದ್ದು.

ಈಜುವ ಆಸೆಯಿಂದ ನದಿಗಿಳಿಯುವವರಿಗೆ ಒಂದು ಮಾತು: ಇದೇ ನೀರಿನಲ್ಲಿ ಮೊಸಳೆಗಳಿವೆ, ಮೇಲೆ ಅಣೆಕಟ್ಟಿದೆ.

“ವಿರೂಪಾಪುರ ಗಡ್ಡೆಯಲ್ಲಿ ಇದ್ದದ್ದು ಪರಿಸರ ಪ್ರವಾಸ, ಅದನ್ನು ಕೆಡವಿಬಿಟ್ಟರು”

ಹಂಪಿಯ ಎದುರು ದಂಡೆಯ ಈ ನಡುಗಡ್ಡೆ ವಿದೇಶಿಯರ ನೆಚ್ಚಿನ ತಾಣವಾಗಿತ್ತು. ಹುಲ್ಲಿನ ಛಾವಣಿ, ತೂಗುಮಂಚ, ಸುತ್ತ ಭತ್ತದ ಗದ್ದೆ. ನೋಡಲು ಚೆಂದವಿತ್ತು, ದುಡಿಯುವ ಕೈಗಳಿಗೆ ಸಂಬಳವೂ ಸಿಗುತ್ತಿತ್ತು. ಆದರೆ 1988ರಲ್ಲೇ ಸಂರಕ್ಷಿತ ಪ್ರದೇಶ ಎಂದು ಅಧಿಸೂಚನೆಯಾದ ಜಾಗದಲ್ಲಿ ಆ ಕಟ್ಟಡಗಳು ಎದ್ದಿದ್ದವು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್, ಅವುಗಳ ತೆರವಿಗೆ ಸಮ್ಮತಿಸಿದ್ದ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಚಿನಲ್ಲಿ ತೆರವು ನಡೆಯಿತು.

ಛಾವಣಿಗೆ ಹುಲ್ಲು ಹೊದಿಸಿದ ಮಾತ್ರಕ್ಕೆ ಅದು ಪರಿಸರಸ್ನೇಹಿ ಆಗುವುದಿಲ್ಲ. 2019ರ ಆಗಸ್ಟಿನಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ನೂರಾರು ಪ್ರವಾಸಿಗರು ಗಡ್ಡೆಯಲ್ಲೇ ಸಿಕ್ಕಿಬಿದ್ದರು. ಅವರನ್ನು ಕರೆತರಲು ಹೋದ ರಕ್ಷಣಾ ಸಿಬ್ಬಂದಿಯೇ ದೋಣಿ ಮಗುಚಿ ನೀರುಪಾಲಾಗುವುದರಲ್ಲಿದ್ದರು. ನದಿಯ ಜಾಗದಲ್ಲಿ ನಾವು ಎಷ್ಟು ದಿನ, ಎಷ್ಟು ಮಂದಿ ಇರಬಹುದು ಎಂಬ ಲೆಕ್ಕವಿಲ್ಲದ ಪ್ರವಾಸ ಕೊನೆಗೆ ಹೀಗೇ ಆಗುತ್ತದೆ. ಅದೇ ದಂಡೆಯ ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ 1997ರಿಂದ ಬೇರೆ ದಾರಿ ತೋರಿಸಿದೆ. ಕಡಿದು ಬಿಸಾಡುವ ಬಾಳೆದಿಂಡಿನ ನಾರಿನಿಂದ ಹೆಣ್ಣುಮಕ್ಕಳು ಬುಟ್ಟಿ, ಚೀಲ ಹೆಣೆಯುತ್ತಾರೆ. ಊರಿನ ಹಳೆಯ ಕಟ್ಟಡಗಳಿಗೂ ಮತ್ತೆ ಜೀವ ಬಂದಿದೆ. ಕೆಡವಿದ ರೆಸಾರ್ಟುಗಳಲ್ಲಿ ಕೆಲಸ ಕಳೆದುಕೊಂಡವರಿಗೆ ಇಂಥ ಬೇರೆ ದುಡಿಮೆ ಕಟ್ಟಿಕೊಡುವುದು ಸರ್ಕಾರದ ಹೊಣೆ.

“ಕೆರೆಯ ಹಕ್ಕಿಗಳೆಲ್ಲ ಸೈಬೀರಿಯಾದಿಂದ ಬಂದವು”

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿ ನೋಡಿ. ಚಳಿಗಾಲದ ಅತಿಥಿಗಳು ಬರುವುದು ನಿಜ, ಆದರೆ ಜಾಲಿಮರಗಳ ಮೇಲೆ ಗೂಡು ಕಟ್ಟಿ ಮರಿ ಮಾಡುವ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು ನಮ್ಮ ದೇಶದವೇ. ಮೂವತ್ತು ಸಾವಿರಕ್ಕೂ ಮಿಕ್ಕಿ ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ರಾತ್ರಿ ತಂಗುತ್ತವೆ. 98.76 ಹೆಕ್ಟೇರಿನ ಈ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು, 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇದು ದೇವರು ಕೊಟ್ಟ ಸರೋವರವಲ್ಲ, ಶತಮಾನಗಳ ಹಿಂದೆ ಹೊಲಗಳಿಗೆ ನೀರುಣಿಸಲು ಊರಿನವರು ಕಟ್ಟಿದ ಕೆರೆ. ಕಮಲಾಪುರದ ಕೆರೆ, ದರೋಜಿ ಕೆರೆ, ಸಂಡೂರಿನ ನಾರಿಹಳ್ಳ ಜಲಾಶಯ ಎಲ್ಲವೂ ಮನುಷ್ಯರು ಕಟ್ಟಿದವೇ. ಆದ್ದರಿಂದ ಅವುಗಳ ಹೂಳು, ಏರಿ, ತೂಬು ನೋಡಿಕೊಳ್ಳುವುದೂ ನಮ್ಮದೇ ಕೆಲಸ.

“ಗಣಿ ನಿಂತಿತು, ಸಂಡೂರಿನ ಕಾಡು ಪಾರಾಯಿತು”

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿದ್ದು ನಿಜ. ಆದರೆ ಆಮೇಲೆ ಗಣಿಗಳನ್ನು ಮೂರು ವರ್ಗವಾಗಿ ವಿಂಗಡಿಸಿ, ಷರತ್ತಿನ ಮೇಲೆ ಹಲವನ್ನು ಮತ್ತೆ ತೆರೆಯಲಾಯಿತು. ಜಿಲ್ಲೆಯ ವಾರ್ಷಿಕ ಅದಿರು ಮಿತಿ 2022ರ ಆಗಸ್ಟಿನಲ್ಲಿ 28ರಿಂದ 35 ದಶಲಕ್ಷ ಟನ್ನಿಗೆ ಏರಿತು. ಅದಿರು ಬಗೆದ ಕಡೆ ಸಸಿ ನೆಟ್ಟರೆ ಹಳೆಯ ಕಾಡು ಒಂದು ತಲೆಮಾರಿನಲ್ಲಿ ಮರಳುವುದಿಲ್ಲ. ಮೇಲ್ಮಣ್ಣೇ ಹೋದ ಮೇಲೆ ಬೇರಿಗೆ ಆಧಾರವೆಲ್ಲಿ? ಇನ್ನೂ ಮುಟ್ಟದ ಇಳಿಜಾರುಗಳನ್ನು ಮುಟ್ಟದೆ ಬಿಡುವುದು ಸಂಡೂರಿಗೆ ಮಾಡಬಹುದಾದ ದೊಡ್ಡ ಉಪಕಾರ.

ಕುರೆಕುಪ್ಪ, ಹೊಸಪೇಟೆ, ಕಂಪ್ಲಿಯ ಓದುಗರಲ್ಲಿ ಒಂದು ಕೋರಿಕೆ. ರಜೆಯ ಒಂದು ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ದರೋಜಿಗೆ ಹೋಗಿ. ದುರ್ಬೀನು ಇದ್ದರೆ ಒಯ್ಯಿರಿ, ಧ್ವನಿವರ್ಧಕ ಮನೆಯಲ್ಲೇ ಬಿಡಿ, ಗೋಪುರದಿಂದ ಕೆಳಗಿಳಿದು ಹತ್ತಿರ ಹೋಗಲು ಯಾರನ್ನೂ ಒತ್ತಾಯಿಸಬೇಡಿ. ಹಂಪಿ ಸುತ್ತ ಎಲ್ಲಾದರೂ ತಂಗುವ ಮುಂಚೆ ಮೂರು ಪ್ರಶ್ನೆ ಕೇಳಿ: ಈ ಕಟ್ಟಡಕ್ಕೆ ಅನುಮತಿ ಇದೆಯೇ, ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ, ಇಲ್ಲಿ ದುಡಿಯುವವರು ಯಾವ ಊರಿನವರು? ನೇರ ಉತ್ತರ ಸಿಗದಿದ್ದರೆ ಬೇರೆ ಕಡೆ ಕೋಣೆ ಹುಡುಕಿ.