ಅಪರಾಹ್ಣದ ಚಹಾವೂ ಒಡೆದ ಕಪ್ಪೂ

ಅಪರಾಹ್ಣ ನಾಲ್ಕು ಗಂಟೆಯಾಯಿತೆಂದರೆ ಗುಮಾಸ್ತರ ಕಣ್ಣು ಗಡಿಯಾರದತ್ತ ಹೊರಳುತ್ತದೆ. ಹೋಟೆಲಿನಲ್ಲಿ ದುಡಿಯುವವರಿಗಾದರೋ ಅದೇ ಬಿಡುವಿಲ್ಲದ ಹೊತ್ತು. ಈ ಹೊತ್ತಿನ ಚಹಾಕ್ಕೂ ಅದರ ಪಾತ್ರೆಗಳಿಗೂ ಇರುವ ಚರಿತ್ರೆಯನ್ನು ಕುಡಿಯುವವರೂ ತಂದುಕೊಡುವವರೂ ಅರಿತಿರುವುದು ಲೇಸೆಂದು ನಾವು ಭಾವಿಸುತ್ತೇವೆ.

ಹದಿನೇಳನೆಯ ಶತಮಾನದಲ್ಲಿ ಚೀನಾದಿಂದ ಇಂಗ್ಲೆಂಡಿಗೆ ಚಹಾದೊಡನೆ ಹಿಡಿಯಿಲ್ಲದ ಪಿಂಗಾಣಿ ಬಟ್ಟಲುಗಳೂ ಬಂದವು. ಹಿಡಿಯುಳ್ಳ ಕಪ್ಪು ರೂಢಿಗೆ ಬಂದುದು ಅನಂತರ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಟೋಕ್ ಊರಿನ ಸ್ಪೋಡ್ ಮನೆತನದವರು ಮಣ್ಣಿಗೆ ದನದ ಎಲುಬಿನ ಬೂದಿಯನ್ನು ಬೆರೆಸಿ, ಹಾಲಿನಂತೆ ಬೆಳ್ಳಗಿನ ತೆಳು ಪಿಂಗಾಣಿಯನ್ನು ಹದಗೊಳಿಸಿದರು. ಅದೇ 'ಬೋನ್ ಚೈನಾ'.

ಆ ಶತಮಾನದಲ್ಲಿ ಚಹಾಪುಡಿ ಬಹು ದುಬಾರಿ. ಮನೆಯ ಯಜಮಾನಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತಿದ್ದಳು. ಚಹಾವನ್ನು ಹೊತ್ತು ತರುವ ಸೇವಕರ ಮೇಲೆ ನಂಬಿಕೆ ಅಷ್ಟೇ! 1784ರಲ್ಲಿ ಸುಂಕವು ಶೇಕಡಾ 119ರಿಂದ 12½ಕ್ಕೆ ಇಳಿದ ಮೇಲೆ ಚಹಾ ಕ್ರಮೇಣ ಸಾಮಾನ್ಯರಿಗೂ ಎಟುಕಿತು.

ಸಂಜೆಗೆ ಮುನ್ನ ಚಹಾ ಸೇವಿಸುವ ಪದ್ಧತಿಯನ್ನು ಸುಮಾರು 1840ರಲ್ಲಿ ಬೆಡ್‌ಫರ್ಡಿನ ಡಚೆಸ್ ಆನಾ ಮರಿಯಾ ತೊಡಗಿಸಿದಳೆಂದು ಪ್ರತೀತಿ. ಸಿರಿವಂತರ ರಾತ್ರಿಯೂಟ ತೀರ ತಡವಾಗುತ್ತಿದ್ದುದರಿಂದ, ನಡುವಣ ಹಸಿವಿಗೆ ಆಕೆ ಚಹಾದೊಡನೆ ಬ್ರೆಡ್ಡು-ಬೆಣ್ಣೆಗಳನ್ನು ತರಿಸಿಕೊಂಡಳಂತೆ. 1894ರಲ್ಲಿ ಲಯನ್ಸ್ ಕಂಪನಿಯು ಲಂಡನ್ನಿನ ಪಿಕಡಿಲಿಯಲ್ಲಿ ತನ್ನ ಮೊದಲ ಚಹಾದಂಗಡಿಯನ್ನು ತೆರೆಯಿತು. ಇಂಥ ಅಂಗಡಿಗಳಲ್ಲಿ ಗುಮಾಸ್ತರಿಗೂ ಆ ಸುಖ ದೊರೆಯಿತು.

ಅದೇ ಕಪ್ಪು-ಬಸಿಗಳು ನಮ್ಮ ಹೋಟೆಲುಗಳಿಗೂ ಬಂದವು. ಡಚೆಸ್ಸಳ ಹೆಸರು ಉಳಿಯಿತು. ಆಕೆಗಾಗಿ ನೀರು ಕಾಯಿಸಿದವರ, ಕಪ್ಪು ತೊಳೆದವರ ಹೆಸರು ಉಳಿಯಲಿಲ್ಲ. ಬೀಗದ ಪೆಟ್ಟಿಗೆ ಹೋದರೂ ಅಪನಂಬಿಕೆ ಹೋಗಲಿಲ್ಲ. ಕೈಜಾರಿ ಕಪ್ಪೊಂದು ಒಡೆದರೆ ಮಾಣಿಯ ಸಂಬಳದಲ್ಲಿ ಅದರ ಬೆಲೆಯನ್ನು ಮುರಿದುಕೊಳ್ಳುವ ಯಜಮಾನರುಂಟು. ಆದರೆ ಕೆಲಸಗಾರನ ವಶಕ್ಕೆಂದೇ ಒಪ್ಪಿಸಿದ ವಸ್ತುವು ಅವನ ಅಲಕ್ಷ್ಯದಿಂದಲೇ ನಷ್ಟವಾಗಿರಬೇಕು, ಅವನ ಸಮಜಾಯಿಷಿಯನ್ನು ಮೊದಲು ಕೇಳಬೇಕು, ನಷ್ಟಕ್ಕಿಂತ ಹೆಚ್ಚು ಮುರಿಯಬಾರದು ಎಂದು 1936ರ ವೇತನ ಪಾವತಿ ಕಾಯಿದೆಯೇ ವಿಧಿಸಿತ್ತು. 2019ರ ವೇತನ ಸಂಹಿತೆಯಲ್ಲಿಯೂ ಈ ನಿಯಮವಿದೆ.

ದಿನಕ್ಕೆ ನೂರಾರು ಕಪ್ಪುಗಳನ್ನು ಎತ್ತಿ ಇಳಿಸುವ ಕೈಯಿಂದ ಎಂದಾದರೊಂದು ಜಾರುವುದು ಸಹಜ. ಯಜಮಾನರು ಇದನ್ನು ಮನಗಾಣಲಿ. ಕೆಲಸಗಾರ ಬಂಧುಗಳು ತಮ್ಮ ಹಕ್ಕನ್ನು ತಿಳಿದಿರಲಿ. ಗುಮಾಸ್ತ ಮಿತ್ರರಾದರೋ, ಚಹಾ ತಂದಿಟ್ಟವನನ್ನು ಒಂದು ಒಳ್ಳೆಯ ಮಾತಿನಿಂದ ಆದರಿಸಲಿ. ಅದಕ್ಕೆ ಬಿಲ್ಲಿನಲ್ಲಿ ಬೆಲೆಯಿಲ್ಲ.